ಹಾರಿದ್ದು ಕೈಗೆ ಸಿಗಬೇಕಾದರೆ

(ಪುಣೆಯಲ್ಲಿ ಮಾದರಿ ರಾಕೆಟ್ ಹಾರಿಸುವ ಕನ್ನಡದ ಮಕ್ಕಳು ಮತ್ತು ಅವರ ಹೆತ್ತವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ರಾಕೆಟ್ ಹಾರಿಸುವುದರ ಬಗ್ಗೆ ಅಲ್ಲ. ಗುಂಡಿ ಒತ್ತಿದರೆ ಅದು ಹಾರುತ್ತದೆ. ಹಾರಿದ ಮೇಲೆ ಹೊಲದಲ್ಲಿ ಒಂದೂವರೆ ಗಂಟೆ ತಲೆ ಬಗ್ಗಿಸಿಕೊಂಡು ಅಲೆಯುವ ಕೆಲಸ ಇದೆಯಲ್ಲ, ಅದರ ಬಗ್ಗೆ. ಕಳೆದುಹೋದ ರಾಕೆಟ್‌ಗಳಲ್ಲಿ ಬಹುಪಾಲು ಹೊಲದಲ್ಲಿ ಕಳೆದುಹೋಗಿರುವುದಿಲ್ಲ, ಕಿಟ್ ಜೋಡಿಸಿದ ಮೇಜಿನ ಮೇಲೆಯೇ ಕಳೆದುಹೋಗಿರುತ್ತವೆ. ಡಬ್ಬಿಯಲ್ಲಿ ಬಂದದ್ದನ್ನು ಬಂದ ಹಾಗೆಯೇ ಅಂಟಿಸಿದರೆ ಗಾಳಿಗೆ ದಾನ ಕೊಟ್ಟ ಹಾಗೆ.

ಒಂದು ಲೆಕ್ಕ ಹಾಕೋಣ. 25 ಮಿ.ಮೀ. ದಪ್ಪದ ಕೊಳವೆ, ಸಿ6-5 ಮೋಟರ್. ಈ ಹೆಸರು ಹೇಳುವುದೇನು? ‘ಸಿ’ ಅಂದರೆ ಒಟ್ಟು ತಳ್ಳುಬಲ 5ರಿಂದ 10 ನ್ಯೂಟನ್-ಸೆಕೆಂಡ್. ಬಿ ಅದರ ಅರ್ಧ, ಎ ಇನ್ನೂ ಅರ್ಧ. 6 ಅಂದರೆ ಸರಾಸರಿ 6 ನ್ಯೂಟನ್ ಬಲ. ಕೊನೆಯ 5 ಅಂದರೆ ಮದ್ದು ಉರಿದು ಮುಗಿದ ಮೇಲೆ, ಕೊಳವೆಯ ತುದಿಯ ಚೂಪು ಮೂತಿಯನ್ನು ಚಿಮ್ಮಿಸಿ ಪ್ಯಾರಾಶೂಟನ್ನು ಹೊರಗೆ ತಳ್ಳುವ ತನಕ ಕಾಯುವ ಸೆಕೆಂಡುಗಳು. ಇಂಥ ಹಗುರ ರಾಕೆಟ್ 250ರಿಂದ 300 ಮೀಟರ್ ಏರುತ್ತದೆ. 280 ಎಂದಿಟ್ಟುಕೊಳ್ಳಿ. ಖಾಲಿ ಮೋಟರ್ ಸೇರಿ ತೂಕ 60 ಗ್ರಾಂ. 30 ಸೆಂ.ಮೀ. ಅಗಲದ ಪ್ಯಾರಾಶೂಟ್ ಇದ್ದರೆ ಇಳಿಯುವ ವೇಗ ಸೆಕೆಂಡಿಗೆ ಸುಮಾರು 4.5 ಮೀಟರ್. ನೆಲ ಮುಟ್ಟಲು 62 ಸೆಕೆಂಡ್. ಗಂಟೆಗೆ 10 ಕಿ.ಮೀ. ಗಾಳಿ, ಅಂದರೆ ಮುಖಕ್ಕೆ ಹಿತವಾಗಿ ತಾಗುವ ಗಾಳಿ, ಅಷ್ಟರಲ್ಲಿ ಅದನ್ನು 170 ಮೀಟರ್ ಆಚೆ ಒಯ್ಯುತ್ತದೆ.

ಈಗ ಡಬ್ಬಿಯಲ್ಲಿ 45 ಸೆಂ.ಮೀ. ಪ್ಯಾರಾಶೂಟ್ ಬಂದಿದೆ. ಚಿತ್ರದಲ್ಲಿ ಚೆಂದ ಕಾಣುತ್ತದೆ, ಮೆತ್ತಗೆ ಇಳಿಯುತ್ತದೆ ಎಂದು ಕಿಟ್ ಮಾಡುವವರು ದೊಡ್ಡದನ್ನೇ ಹಾಕುತ್ತಾರೆ. ವೇಗ ಸೆಕೆಂಡಿಗೆ 3 ಮೀಟರಿಗೆ ಇಳಿಯುತ್ತದೆ, ಗಾಳಿಯಲ್ಲಿರುವ ಹೊತ್ತು 93 ಸೆಕೆಂಡ್, ತೇಲುವ ದೂರ 260 ಮೀಟರ್. ಅದೇ ರಾಕೆಟ್‌ಗೆ ಅಗಲದ ಹತ್ತು ಪಟ್ಟು ಉದ್ದದ ಸ್ಟ್ರೀಮರ್ ಪಟ್ಟಿ ಕಟ್ಟಿ, ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಇಳಿಸಿದರೆ 90 ಮೀಟರ್ ಒಳಗೇ ಬಿದ್ದಿರುತ್ತದೆ. ಮೋಟರ್ ಅದೇ, ಗಾಳಿ ಅದೇ. ಹುಡುಕಬೇಕಾದ ದೂರ ಮೂರು ಪಟ್ಟು ಬದಲಾಯಿತು, ಅದೂ ಒಂದು ತುಂಡು ಪ್ಲಾಸ್ಟಿಕ್ಕಿನಿಂದ.

ಹಾಗಾದರೆ ಎಲ್ಲದಕ್ಕೂ ಸ್ಟ್ರೀಮರ್ ಕಟ್ಟಿಬಿಡೋಣವೇ? ಪುಣೆಯ ನೆಲ ಅದಕ್ಕೆ ಬಿಡುವುದಿಲ್ಲ. ಟೆಕಡಿಗಳ, ಅಂದರೆ ಇಲ್ಲಿನ ಗುಡ್ಡಗಳ ಮೇಲೆ ಕರಿಕಲ್ಲು, ಬೇಸಿಗೆಯ ಎರೆಹೊಲ ಇಟ್ಟಿಗೆಯಷ್ಟೇ ಗಟ್ಟಿ. ಪ್ಲಾಸ್ಟಿಕ್ ರೆಕ್ಕೆಯ ರಾಕೆಟ್ 9 ಮೀಟರ್ ವೇಗದಲ್ಲಿ ಬಿದ್ದರೆ ರೆಕ್ಕೆಯ ಬುಡ ಸೀಳುತ್ತದೆ. 30–40 ಗ್ರಾಮಿನ ಸಣ್ಣ ರಾಕೆಟ್‌ಗೆ ಸ್ಟ್ರೀಮರ್, ಅದಕ್ಕಿಂತ ಭಾರದ್ದಕ್ಕೆ 30 ಸೆಂ.ಮೀ. ಪ್ಯಾರಾಶೂಟ್, ಇದು ನನ್ನ ಸಲಹೆ. ದೊಡ್ಡ ಪ್ಯಾರಾಶೂಟೇ ಬಂದಿದ್ದರೆ ಎಸೆಯಬೇಡಿ. ದಾರಗಳನ್ನೆಲ್ಲ ಒಟ್ಟುಮಾಡಿ ನಡುಮಧ್ಯದಲ್ಲಿ ಟೇಪ್ ಸುತ್ತಿ, ಅದು ಅರ್ಧವಷ್ಟೇ ಬಿಚ್ಚುತ್ತದೆ. ನಡುವೆ ತೂತು ಕೊರೆದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. 30 ಸೆಂ.ಮೀ. ಪ್ಯಾರಾಶೂಟಿಗೆ 10 ಸೆಂ.ಮೀ. ತೂತು ಮಾಡಿದರೆ ಕಡಿಮೆಯಾಗುವುದು ವಿಸ್ತೀರ್ಣದ ಒಂಬತ್ತರಲ್ಲಿ ಒಂದು ಪಾಲು, ವೇಗ ಹೆಚ್ಚುವುದು ನೂರಕ್ಕೆ ಆರು. ತೂತಿನಿಂದ ಓಲಾಟ ನಿಲ್ಲುತ್ತದೆ, ತೇಲಾಟ ನಿಲ್ಲುವುದಿಲ್ಲ.

ಕಿಟ್‌ಗಳ ಬಗ್ಗೆ ಇನ್ನೂ ಸ್ವಲ್ಪ ಗೊಣಗಲೇಬೇಕು. ಡಬ್ಬಿಯಲ್ಲಿ ಅತ್ಯಂತ ಕಳಪೆ ಭಾಗ ಯಾವುದು ಎಂದರೆ ಶಾಕ್ ಕಾರ್ಡ್, ಅಂದರೆ ಮೂತಿಯನ್ನೂ ಕೊಳವೆಯನ್ನೂ ಹಿಡಿದಿಡುವ ದಾರ. 40 ಸೆಂ.ಮೀ. ರಾಕೆಟ್‌ಗೆ 30–40 ಸೆಂ.ಮೀ. ಚಪ್ಪಟೆ ರಬ್ಬರ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇದರಿಂದ ಎರಡು ತೊಂದರೆ. ರಬ್ಬರ್ ಗಿಡ್ಡವಿದ್ದರೆ ಹೊರಚಿಮ್ಮಿದ ಮೂತಿ ಅದೇ ರಭಸದಲ್ಲಿ ಹಿಂದಕ್ಕೆ ಬಂದು ಕೊಳವೆಯ ಅಂಚಿಗೆ ಬಡಿದು ನೆಗ್ಗಿಸುತ್ತದೆ. ಇನ್ನು, ಬಿಸಿ ಅನಿಲ ತಾಗಿ ತಾಗಿ ರಬ್ಬರ್ ಮೂರ್ನಾಲ್ಕು ಹಾರಾಟದಲ್ಲೇ ಬಿರುಕು ಬಿಟ್ಟು ತುಂಡಾಗುತ್ತದೆ. ಆಗ ಪ್ಯಾರಾಶೂಟ್ ಹೊತ್ತ ಮೂತಿ ಒಂದು ಕಡೆ ಹೋಗುತ್ತದೆ, ಕೊಳವೆ ಇನ್ನೊಂದು ಕಡೆ ಬೀಳುತ್ತದೆ. ಹುಡುಕಬೇಕಾದದ್ದು ಎರಡಾಯಿತು.

ರಬ್ಬರನ್ನು ಮೊದಲೇ ತೆಗೆದುಹಾಕಿ. ಮೋಟರ್ ಕೂರುವ ಭಾಗಕ್ಕೆ ಕೆವ್ಲರ್ ಎಂಬ ಗಟ್ಟಿ ನಾರಿನ ದಾರ ಕಟ್ಟಿ, ಅದು ಸುಲಭವಾಗಿ ಸುಡುವುದಿಲ್ಲ. ಆದರೆ ಆ ದಾರದ ತುದಿ ಕೊಳವೆಯ ಬಾಯಿಂದ ಎರಡು ಬೆರಳು ಒಳಗೇ ಮುಗಿಯಬೇಕು. ಹೊರಗೆ ಬಂದರೆ, ಪ್ಯಾರಾಶೂಟ್ ಜಗ್ಗಿದಾಗ ತೆಳು ದಾರ ಕೊಳವೆಯ ಅಂಚನ್ನು ತಂತಿಯಿಂದ ಕೊಯ್ದ ಹಾಗೆ ಉದ್ದಕ್ಕೆ ಸೀಳುತ್ತದೆ. ಅಲ್ಲಿಂದ ಮುಂದಕ್ಕೆ ಟೈಲರ್ ಬಳಸುವ 6 ಮಿ.ಮೀ. ಇಲಾಸ್ಟಿಕ್. ಎರಡೂ ಸೇರಿ ರಾಕೆಟ್ ಉದ್ದದ ಮೂರು ಪಟ್ಟು, 40 ಸೆಂ.ಮೀ.ಗೆ 120 ಸೆಂ.ಮೀ. ಖರ್ಚು ಒಂದು ವಡಾಪಾವಿನಷ್ಟೂ ಇಲ್ಲ.

ಎರಡನೆಯದು ಮೂತಿಯ ಹಿಡಿತ. ರಾಕೆಟ್ಟನ್ನು ಮೂತಿ ಹಿಡಿದು ಎತ್ತಿದರೆ ಕೊಳವೆ ಜಾರಿ ಬೀಳಬಾರದು, ಮೆಲ್ಲಗೆ ಜಗ್ಗಿದರೆ ಬಿಟ್ಟುಕೊಳ್ಳಬೇಕು. ಸಡಿಲವಿದ್ದರೆ ಮಾಸ್ಕಿಂಗ್ ಟೇಪ್ ಒಂದು ಸುತ್ತು. ಬಿಗಿಯಿದ್ದರೆ ಮೂತಿಯ ಬುಡವನ್ನು ಸಣ್ಣ ಮರಳುಕಾಗದದಿಂದ ಉಜ್ಜಿ, ಒಂದಿಷ್ಟು ಟಾಲ್ಕಂ ಪೌಡರ್ ಹಚ್ಚಿ. ಜನವರಿಯಲ್ಲಿ ಸರಿ ಕೂತ ಮೂತಿ ಆಗಸ್ಟಿನಲ್ಲಿ ಕೂರುವುದಿಲ್ಲ, ಮಳೆಗಾಲದ ತೇವಕ್ಕೆ ರಟ್ಟಿನ ಕೊಳವೆ ಉಬ್ಬಿರುತ್ತದೆ. ಮೂತಿ ಕಚ್ಚಿಕೊಂಡರೆ ಒಳಗಿನ ಒತ್ತಡ ಹಿಂದಿನಿಂದ ಮೋಟರನ್ನೇ ಉಗುಳಿಬಿಡುತ್ತದೆ, ರಾಕೆಟ್ ಈಟಿಯ ಹಾಗೆ ನೆಲಕ್ಕೆ ನಾಟುತ್ತದೆ. ಆದ್ದರಿಂದ ಪ್ರತಿ ಹಾರಾಟಕ್ಕೂ ಮುಂಚೆ ಹೊಲದಲ್ಲೇ ಇದನ್ನು ಪರೀಕ್ಷಿಸಬೇಕು.

ಕಿಟ್ ಮಾಡುವವರು ಬಾಲ್ಸಾ ಎಂಬ ಹಗುರ ಮರದ ಹಾಳೆಯಲ್ಲಿ ರೆಕ್ಕೆಗಳನ್ನು ಕತ್ತರಿಸುವ ಅಚ್ಚು ಮೊಂಡಾಗಿದ್ದರೆ ಅಂಚು ಕತ್ತರಿಸಿದ ಹಾಗಿರುವುದಿಲ್ಲ, ಜಜ್ಜಿದ ಹಾಗಿರುತ್ತದೆ. ಜಗ್ಗಿ ಕೀಳಬೇಡಿ, ಬ್ಲೇಡಿನಿಂದ ಎರಡೂ ಬದಿ ಗೀರಿ ಬಿಡಿಸಿ. ಮರದ ನಾರು ರೆಕ್ಕೆಯ ಮುಂದಿನ ಅಂಚಿಗೆ ಸಮಾನಾಂತರವಾಗಿ ಓಡಬೇಕು. ಅಡ್ಡ ಓಡಿದ್ದರೆ ಆ ರೆಕ್ಕೆ ಮೊದಲ ಇಳಿತಕ್ಕೇ ಮುರಿಯುತ್ತದೆ. ಅದನ್ನೇ ಅಳತೆಯಾಗಿ ಇಟ್ಟುಕೊಂಡು ಬೇರೆ ಹಾಳೆಯಲ್ಲಿ ಕತ್ತರಿಸಿ. ಗಾಜಿನ ಮೇಲಿಟ್ಟು ಸೊಟ್ಟ ನೋಡಿ. ಕುಕ್ಕರ್ ಹಬೆಗೆ ಹಿಡಿದು, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಒತ್ತಿಟ್ಟರೆ ನೇರವಾಗುತ್ತದೆ.

ರೆಕ್ಕೆ ಕೂರಿಸುವ ಗುರುತಿಗೆ ಕಿಟ್ ಕೊಡುವ ಕಾಗದ ಎಷ್ಟೋ ಸಲ ಒಂದೆರಡು ಮಿ.ಮೀ. ತಪ್ಪಿರುತ್ತದೆ. ನೀವೇ ಮಾಡಿಕೊಳ್ಳಿ: 24.8 ಮಿ.ಮೀ. ಕೊಳವೆಯ ಸುತ್ತಳತೆ 78 ಮಿ.ಮೀ. ಅಷ್ಟುದ್ದದ ಕಾಗದದ ಪಟ್ಟಿಯಲ್ಲಿ 26 ಮತ್ತು 52ರಲ್ಲಿ ಗೆರೆ ಎಳೆದು ಕೊಳವೆಗೆ ಸುತ್ತಿದರೆ ಮೂರು ರೆಕ್ಕೆಗಳ ಜಾಗ ಸಿಕ್ಕಿತು. ಅಂಟು ಬಿಳಿ ಫೆವಿಕಾಲ್ ಸಾಕು. ಒಮ್ಮೆ ತೆಳುವಾಗಿ ಹಚ್ಚಿ ಒಣಗಲು ಬಿಡಿ, ಮತ್ತೆ ಹಚ್ಚಿ ಒತ್ತಿ ಹಿಡಿಯಿರಿ. ರೆಕ್ಕೆ ಸೊಟ್ಟಗಿದ್ದರೆ ರಾಕೆಟ್ ಸುತ್ತುತ್ತಾ ಎತ್ತ ಬೇಕಾದರತ್ತ ಹೋಗುತ್ತದೆ, ಅದಕ್ಕೆ ಗಾಳಿಯ ಲೆಕ್ಕ ಅನ್ವಯಿಸುವುದಿಲ್ಲ. ಜೋಡಿಸಿದ ಮೇಲೆ, ಮೋಟರ್ ಹಾಕಿ, ತೂಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಸುತ್ತಿಸಿ. ಮೂತಿ ಮುಂದಾಗಿಯೇ ಸುತ್ತಬೇಕು. ಬಾಲ ಮುಂದೆ ಬಂದರೆ ಮೂತಿಯೊಳಗೆ ಜೇಡಿಮಣ್ಣು ತುಂಬಿ ಮತ್ತೆ ನೋಡಿ.

ಬಣ್ಣಕ್ಕೆ ಬರೋಣ. ಡಬ್ಬಿಯ ಮೇಲಿನ ಬಿಳಿ-ಕಪ್ಪು ವಿನ್ಯಾಸ ಅಂಗಡಿಯ ಕಪಾಟಿಗೆ ಸರಿ. ಬಿಳಿ ಮೋಡದಲ್ಲಿ ಮಾಯ, ಹಸಿರು ಮಳೆಗಾಲದ ಹುಲ್ಲಿನಲ್ಲಿ ಮಾಯ, ಕಂದು-ಹಳದಿ ಬೇಸಿಗೆಯಲ್ಲಿ ಮಾಯ. ಹೊಳೆಯುವ ಗುಲಾಬಿ ಅಥವಾ ಕಿತ್ತಳೆ ಫ್ಲೋರಸೆಂಟ್ ಬಣ್ಣ ಎರಡೂ ಕಾಲಕ್ಕೆ ನಡೆಯುತ್ತದೆ. ಆಕಾಶದಲ್ಲಿ ಕಾಣಲು ಮಾತ್ರ ಕಡುಬಣ್ಣವೇ ಬೇಕು, ಹಾಗಾಗಿ ಒಂದು ರೆಕ್ಕೆ ಕಪ್ಪಾಗಿರಲಿ. ಪ್ಯಾರಾಶೂಟಿಗೆ ಬೆಳ್ಳಿಬಣ್ಣದ ಉಡುಗೊರೆ ಹಾಳೆಯ ಎರಡು ಪಟ್ಟಿ ಅಂಟಿಸಿ. ಓಲಾಡುವಾಗ ಬಿಸಿಲಿಗೆ ಮಿಂಚುತ್ತದೆ. ಅಪ್ಪಾ ಬಳವಂತ ಚೌಕದ ಸುತ್ತಿನ ಸ್ಟೇಷನರಿ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ.

ಪ್ಯಾರಾಶೂಟ್ ಬಿಚ್ಚಿದ ಜಾಗ ಕಾಣಲು ಅದರ ಮಡಿಕೆಯ ಮೇಲೆ ಬಣ್ಣದ ಪುಡಿ ಹಾಕುವ ರೂಢಿಯಿದೆ. ಇಲ್ಲಿ ಎಲ್ಲರ ಕೈ ಹೋಗುವುದು ಗುಲಾಲಿಗೆ. ಬೇಡ. ಈಗ ಸಿಗುವ ಗುಲಾಲಿನಲ್ಲಿ ಬಹಳಷ್ಟು ಮೆಕ್ಕೆಜೋಳದ ಹಿಟ್ಟು. ನುಣ್ಣನೆಯ ಹಿಟ್ಟು ಗಾಳಿಯಲ್ಲಿ ಹರಡಿ ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಕುಂಡಗಳಿಗೆ ಬಳಿಯುವ ಗೇರು, ನಮ್ಮ ಕೆಮ್ಮಣ್ಣು, ಅದು ಕಬ್ಬಿಣದ ಆಕ್ಸೈಡ್, ಹೊತ್ತುವುದಿಲ್ಲ. ಒಂದು ಚಮಚ ಸಾಕು. 300 ಮೀಟರ್ ಎತ್ತರದಲ್ಲಿ ಕೆಂಪು ಹೊಗೆಯ ಉಂಡೆ ಕಾಣುತ್ತದೆ, ಗಾಳಿ ಮೇಲೆ ಎತ್ತ ಬೀಸುತ್ತಿದೆ ಎಂಬುದನ್ನೂ ಅದೇ ತೋರಿಸುತ್ತದೆ. ಕೆಳಗೆ ವ್ಯಾಡಿಂಗ್ ಕಡ್ಡಾಯ: ಬೆಂಕಿ ಹಿಡಿಯದ ಕಾಗದದ ನಾಲ್ಕೈದು ತುಂಡು, ಸಡಿಲವಾಗಿ ಮುದುಡಿದ್ದು. ಕಿಟ್‌ನಲ್ಲಿ ಬಂದದ್ದು ಮುಗಿಯಿತೆಂದು ದಿನಪತ್ರಿಕೆ ತುರುಕಿದರೆ ಉರಿಯುವ ಚೂರುಗಳು ಒಣಹುಲ್ಲಿಗೆ ಬೀಳುತ್ತವೆ. ಮಾರ್ಚಿನಿಂದ ಜೂನ್ ತನಕ ನಮ್ಮ ಟೆಕಡಿಗಳಿಗೆ ಬೆಂಕಿ ಹತ್ತಲು ಅಷ್ಟೂ ಬೇಡ.

ಇನ್ನು ಜಾಗ. ಸಿ ಮೋಟರ್‌ಗೆ ಅಮೆರಿಕದ ಹವ್ಯಾಸಿ ಸಂಸ್ಥೆಯ ಸುರಕ್ಷತಾ ಸಂಹಿತೆ ಹೇಳುವ ಕನಿಷ್ಠ ಮೈದಾನ 400 ಅಡಿ, ಅಂದರೆ 122 ಮೀಟರ್. ನಮ್ಮ ಲೆಕ್ಕದಲ್ಲಿ ಹಗುರ ಗಾಳಿಗೇ 170 ಮೀಟರ್ ತೇಲಿತು. ಆದ್ದರಿಂದ ಹೊಸ ಜಾಗದಲ್ಲಿ ಮೊದಲು ಎ8-3, ಅದು ಬಿದ್ದ ಕಡೆ ನೋಡಿಕೊಂಡು ಬಿ6-4, ಆಮೇಲೆ ಸಿ. ಚಳಿಗಾಲದ ಮುಂಜಾನೆ ಗಾಳಿ ಬಹುತೇಕ ನಿಂತಿರುತ್ತದೆ, ಬಿಸಿಲೇರಿದ ಹಾಗೆ ಬೀಸತೊಡಗುತ್ತದೆ. ಕಾದ ಎರೆಮಣ್ಣಿನ ಮೇಲಿಂದ ಏಳುವ ಬಿಸಿಗಾಳಿಗೆ ಹಗುರ ಪ್ಯಾರಾಶೂಟ್ ಸಿಕ್ಕಿದರೆ ಹದ್ದಿನ ಹಾಗೆ ಮೇಲೇ ಸುತ್ತುತ್ತಿರುತ್ತದೆ. ಹತ್ತು ಗಂಟೆಗೆ ಗಂಟು ಕಟ್ಟಿ.

ಪುಣೆಯಲ್ಲಿ ಖಾಲಿ ಕಂಡದ್ದೆಲ್ಲ ಮೈದಾನವಲ್ಲ. ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು. ಖಡಕವಾಸಲಾ, ಪಾಷಾಣ, ದಿಘಿಯಲ್ಲಿ ರಕ್ಷಣಾ ಸಂಸ್ಥೆಗಳಿವೆ. ಅವುಗಳ ಹತ್ತಿರ ಹಾರಿಸುವ ಯೋಚನೆಯೇ ಬೇಡ. ಬೇರೆಡೆ ಹಾರಿಸುವುದಿದ್ದರೂ ಹೊಲದ ಯಜಮಾನರ ಒಪ್ಪಿಗೆ, ಪೊಲೀಸ್ ಠಾಣೆಗೆ ಮುಂಚಿತ ಮಾಹಿತಿ ಇರಲಿ. ಮೋಟರ್ ಅಂದರೆ ಮದ್ದು, ಅದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಕೆಳಗೆ ಬರುತ್ತದೆ. ಪರವಾನಗಿಯಿಲ್ಲದೆ ಮನೆಯಲ್ಲಿ ತಯಾರಿಸುವುದು ಅಪರಾಧ, ಮೇಲಾಗಿ ಬೆರಳು ಕಳೆದುಕೊಳ್ಳುವ ದಾರಿ. ವಿದೇಶಿ ಕಿಟ್ ತರಿಸುವವರು ಡಬ್ಬಿಯ ಸಣ್ಣಕ್ಷರ ಓದಿ. ‘ಮೋಟರ್ ಪ್ರತ್ಯೇಕ’ ಎಂದಿರುತ್ತದೆ, ವಿಮಾನ ಅಂಚೆಯಲ್ಲಿ ಅದು ಬರುವುದಿಲ್ಲ.

ಈಗ ಗುಂಡಿ ಒತ್ತಿಯಾಯಿತು. ಉರಿಯುವುದು ಎರಡು ಸೆಕೆಂಡಿಗಿಂತ ಕಡಿಮೆ, ಕಾಯುವುದು ಐದು, ಏಳನೇ ಸೆಕೆಂಡಿಗೆ ‘ಠಪ್’ ಎಂಬ ಸದ್ದು. ಆ ಸದ್ದಿಗೆ ಕಿವಿಗೊಡಲು ಒಬ್ಬರನ್ನು ನೇಮಿಸಿ, ಹುಡುಕುವ ದಿಕ್ಕು ಅದರಿಂದಲೇ ತೀರ್ಮಾನವಾಗುತ್ತದೆ. ರಾಕೆಟ್ ಏರುವಾಗ ತಾನಾಗಿ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುತ್ತದೆ. ಪ್ಯಾರಾಶೂಟ್ ಬಿಚ್ಚಿದರೆ ಗಾಳಿ ಹೋಗುವ ಕಡೆ ತೇಲುತ್ತದೆ. ಬಿಚ್ಚದೆ ನಾಟಿಕೊಂಡರೆ ಗಾಳಿ ಬರುವ ಕಡೆಯೇ ಬಿದ್ದಿರುತ್ತದೆ. ಸದ್ದು ಕೇಳಲಿಲ್ಲ, ಪ್ಯಾರಾಶೂಟ್ ಕಾಣಲಿಲ್ಲ ಎಂದಾದರೆ ಎಲ್ಲರೂ ಓಡುವ ದಿಕ್ಕಿಗೆ ಬೆನ್ನು ಹಾಕಿ ಹುಡುಕಿ. ದಾರ ಕಡಿದು ಎರಡಾಗಿದ್ದರೆ ಭಾರದ ಕೊಳವೆ ಹತ್ತಿರ, ಪ್ಯಾರಾಶೂಟಿನ ಮೂತಿ ಅದೇ ಗೆರೆಯಲ್ಲಿ ಬಹಳ ದೂರ. ಒಂದು ಸಿಕ್ಕಿದರೆ ಅದರಿಂದ ಗಾಳಿಯ ಗುಂಟ ನಡೆಯಿರಿ.

ನೋಡುವವರು ಇಬ್ಬರಾದರೂ ಬೇಕು. ಒಬ್ಬರು ಲಾಂಚ್ ರಾಡ್, ಅಂದರೆ ರಾಕೆಟ್ ಹಾರಿಸುವ ಸರಳಿನ ಹತ್ತಿರ, ಇನ್ನೊಬ್ಬರು ಗಾಳಿಗೆ ಅಡ್ಡಲಾಗಿ 100 ಮೀಟರ್ ಆಚೆ. ರಾಕೆಟ್ ಕಣ್ಮರೆಯಾದ ಕ್ಷಣ ಇಬ್ಬರೂ ಕೈ ಚಾಚಿ ಹಾಗೇ ನಿಲ್ಲಬೇಕು, ಕಾಲು ಕದಲಿಸಬಾರದು. ಆ ಕೈಯ ನೇರಕ್ಕೆ ದಿಗಂತದಲ್ಲಿ ಒಂದು ಗುರುತು ಹಿಡಿಯಬೇಕು. ಮೊಬೈಲ್ ಗೋಪುರ, ಒಂಟಿ ಮರ, ದೇವಸ್ಥಾನದ ಶಿಖರ. ದನ, ಟ್ರ್ಯಾಕ್ಟರ್ ಗುರುತಾಗುವುದಿಲ್ಲ, ನಡೆದುಹೋಗುತ್ತವೆ. ಆಮೇಲೆ ಫೋನಿನ ದಿಕ್ಸೂಚಿಯಲ್ಲಿ ಡಿಗ್ರಿ ಬರೆದುಕೊಳ್ಳಿ, ಬೈಕ್, ಕಾರು, ಉಡಾವಣೆಯ ಬ್ಯಾಟರಿಯಿಂದ ನಾಲ್ಕು ಮೀಟರ್ ದೂರ ನಿಂತು. 300 ಮೀಟರಿನಲ್ಲಿ 2 ಡಿಗ್ರಿ ತಪ್ಪಿದರೆ 10 ಮೀಟರ್ ತಪ್ಪುತ್ತದೆ, 5 ಡಿಗ್ರಿಗೆ 26 ಮೀಟರ್. ಎರಡು ಗೆರೆ ಕೂಡುವ ಜಾಗವೇ ಹುಡುಕುವ ಜಾಗ.

ಒಬ್ಬರು ಮಾತ್ರ ಗೆರೆಯ ಮೇಲೆ ನಡೆಯಲಿ. ನಿಂತವರು ಫೋನಿನಲ್ಲಿ ‘ಸ್ವಲ್ಪ ಎಡಕ್ಕೆ’ ಎನ್ನುತ್ತಾ ನಡೆಸಲಿ. ಜನ ಸಾಮಾನ್ಯವಾಗಿ ಮಾಡುವ ತಪ್ಪು ಬೇಗ ನಿಲ್ಲುವುದು. ಬಯಲಿನಲ್ಲಿ ದೂರ ಕಣ್ಣಿಗೆ ಕಡಿಮೆಯಾಗಿ ಕಾಣುತ್ತದೆ. ಅಂದುಕೊಂಡ ಜಾಗ ದಾಟಿ ಇನ್ನೂ ಮೂರರಲ್ಲೊಂದು ಪಾಲು ಹೋಗಿ, ಆಮೇಲೆ ತಿರುಗಿ ಬನ್ನಿ. ತಿರುಗಿ ಬರುವಾಗ ಬೆಳಕು ಬೇರೆ ಕಡೆಯಿಂದ ಬೀಳುತ್ತದೆ, ಹೋಗುವಾಗ ಕಾಣದ್ದು ಕಾಣುತ್ತದೆ. ಗಿಡ್ಡ ಹುಲ್ಲಿನಲ್ಲಿ ನಾಲ್ಕು ಮೀಟರಿಗೊಂದು ಪಟ್ಟಿಯಂತೆ ಹುಡುಕುತ್ತಾ ನಡೆಯಿರಿ, ಮೊಣಕಾಲೆತ್ತರದ ಹುಲ್ಲಿನಲ್ಲಿ ಒಂದೂವರೆ ಮೀಟರಿಗೊಂದು. ಬೆಳೆಯಿದ್ದರೆ ಸಾಲಿನ ಗುಂಟವೇ ನಡೆಯಬೇಕು, ಅಡ್ಡ ತುಳಿಯಬಾರದು. ಅರ್ಧ ಗಂಟೆಯಲ್ಲಿ ಸಿಗದಿದ್ದರೆ ನಿಲ್ಲಿಸಿ, ಸಂಜೆಯ ಓರೆ ಬಿಸಿಲಿಗೆ ಬನ್ನಿ. ನಾಳೆ, ನಾಡಿದ್ದು ಎನ್ನಬೇಡಿ. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯಲ್ಲಿ 2018ರಲ್ಲಿ ಟಿಪ್ಪು ಕಾಲದವೆನ್ನುವ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ, ಅವು ಕಬ್ಬಿಣದ ಕೊಳವೆಗಳು, ಇನ್ನೂರು ವರ್ಷ ಕಾದವು. ನಮ್ಮದು ರಟ್ಟು, ಒಂದು ಮಳೆಗೆ ಅಂಬಲಿ.

ಮರಕ್ಕೆ ಸಿಕ್ಕಿದರೆ ಮಾವು ಕೀಳುವ ದೋಟಿ ಒಳ್ಳೆಯ ಸಾಧನ. ವಿದ್ಯುತ್ ತಂತಿಗೆ ಸಿಕ್ಕಿದರೆ ಆ ರಾಕೆಟ್ ನಿಮ್ಮದಲ್ಲ, ದೋಟಿಯನ್ನು ಆ ಕಡೆ ತೋರಿಸಲೂಬೇಡಿ. ನೆಲಕ್ಕೆ ನಾಟಿದ್ದರ ಹತ್ತಿರ ಒಂದು ನಿಮಿಷ ಕಾದು ಹೋಗಿ, ‘ಠಪ್’ ಆಗದ ಮೋಟರ್‌ನಲ್ಲಿ ಮದ್ದು ಉಳಿದಿರಬಹುದು. ಪ್ರತಿ ರಾಕೆಟ್ ಮೇಲೆ ಫೋನ್ ನಂಬರಿನ ಜೊತೆ ಮರಾಠಿಯಲ್ಲಿ ಒಂದು ಸಾಲು ಬರೆಯಿರಿ: ‘ಹೇ ಮುಲಾಂಚೆ ಖೇಳಣೆ ಆಹೆ’, ಅಂದರೆ ಇದು ಮಕ್ಕಳ ಆಟಿಕೆ. ಮದ್ದಿನ ವಾಸನೆಯ ಕೊಳವೆಯೊಂದು ಹೊಲದಲ್ಲಿ ಸಿಕ್ಕರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದೆ.

‘ಸರ್, ಒಂದು ಬಜರ್ ಇಟ್ಟರೆ ಸಾಕಲ್ಲವೇ?’

ಕೊನೆಯ ಹತ್ತಿಪ್ಪತ್ತು ಮೀಟರಿಗೆ ಸಾಕು. ತಪಕೀರ್ ಗಲ್ಲಿಯಲ್ಲಿ ಸಿಗುವ 3 ವೋಲ್ಟ್ ಬಜರ್, ಒಂದು ಸಿಆರ್2032 ಸೆಲ್, ಸಣ್ಣ ಸ್ವಿಚ್, ಒಟ್ಟು ಏಳೆಂಟು ಗ್ರಾಂ. ಆದರೆ ಅದರ ಮೇಲೆ ಬರೆದ 85 ಡೆಸಿಬಲ್ 10 ಸೆಂ.ಮೀ. ದೂರದ ಅಳತೆಯಾಗಿದ್ದರೆ, ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಕಡಿಮೆಯಾಗಿ 10 ಮೀಟರಿನಲ್ಲಿ 45 ಉಳಿಯುತ್ತದೆ. ಬೆಳಗಿನ ಹೊಲದಲ್ಲಿ ಕೇಳುತ್ತದೆ, ಹೆದ್ದಾರಿ ಪಕ್ಕದಲ್ಲಿ ಕೇಳುವುದಿಲ್ಲ. ಕೊಳವೆಯಲ್ಲಿ 5 ಮಿ.ಮೀ.ನ ಮೂರ್ನಾಲ್ಕು ತೂತು ಮಾಡಿ, ಒಂದೇ ಸಮ ಕೂಗುವುದಕ್ಕಿಂತ ಬಿಟ್ಟು ಬಿಟ್ಟು ಕೂಗುವುದನ್ನು ಆರಿಸಿ. ಕಿವಿಗೆ ದಿಕ್ಕು ಬೇಗ ಸಿಗುತ್ತದೆ.

‘ಬ್ಲೂಟೂತ್ ಟ್ಯಾಗ್, ಜಿಪಿಎಸ್?’

ಟ್ಯಾಗ್ ತನ್ನ ಜಾಗ ಹೇಳುವುದು ಅಕ್ಕಪಕ್ಕದವರ ಫೋನುಗಳ ಮೂಲಕ. ಯಾರೂ ಇಲ್ಲವೆಂದೇ ತಾನೇ ನಾವು ಆ ಹೊಲ ಆರಿಸಿದ್ದು? ಜಿಪಿಎಸ್ ಜೊತೆ, ದೂರಕ್ಕೆ ಸಂಕೇತ ಕಳಿಸುವ ಲೋರಾ ರೇಡಿಯೊ ಚೆನ್ನಾಗಿ ಕೆಲಸ ಮಾಡುತ್ತದೆ, ಬ್ಯಾಟರಿ ಸೇರಿ 20–30 ಗ್ರಾಂ, ಸಿ ಮೋಟರ್‌ಗೆ ಅದು ಹೊರೆ, ಡಿ ಮೋಟರಿನ ದೊಡ್ಡ ರಾಕೆಟ್‌ಗೆ ಸರಿ. ಕೊಳ್ಳುವಾಗ 865–868 ಮೆಗಾಹರ್ಟ್ಸ್‌ನದೇ ಕೇಳಿ, ನಮ್ಮಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ತರಂಗಪಟ್ಟಿ ಅದು. ವಿದೇಶಿ ಕಿಟ್‌ಗಳಲ್ಲಿ 915ರದು ಬಂದುಬಿಡುತ್ತದೆ. ನೆಲಕ್ಕೆ ಬಿದ್ದ ಮೇಲೆ ಹುಲ್ಲು, ದಿಬ್ಬ ಅಡ್ಡ ಬಂದು ಸಂಕೇತ ನಿಲ್ಲುವುದು ಸಾಮಾನ್ಯ, ಹಾಗಾಗಿ ಗಾಳಿಯಲ್ಲಿದ್ದಾಗ ಬಂದ ಕೊನೆಯ ಸಂಖ್ಯೆಯನ್ನು ಫೋನ್ ತಾನಾಗಿ ಉಳಿಸಿಕೊಳ್ಳುವಂತೆ ಮಾಡಿಟ್ಟುಕೊಳ್ಳಿ.

‘ಕಬ್ಬಿನ ಗದ್ದೆಗೆ ಬಿದ್ದರೆ?’

ದೌಂಡ್, ಬಾರಾಮತಿ ಕಡೆ ಇದು ಇದ್ದದ್ದೇ. ಎರಡು ಆಳೆತ್ತರದ ಕಬ್ಬಿನಲ್ಲಿ ಕೈ ಚಾಚಿದಷ್ಟು ದೂರವೂ ಕಾಣುವುದಿಲ್ಲ, ಗರಿಯ ಅಂಚಿಗೆ ಮೈ ಕೊಯ್ಯುತ್ತದೆ. ಪ್ಯಾರಾಶೂಟ್ ಸಾಮಾನ್ಯವಾಗಿ ಮೇಲಿನ ಗರಿಗಳಲ್ಲೇ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಒಳಗೆ ನುಗ್ಗುವ ಮುಂಚೆ ಬದುವಿನ ಮೇಲೆ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹತ್ತಿ ನೋಡಿ. ಕಾಣದಿದ್ದರೆ ರೈತರಿಗೆ ನಂಬರ್ ಕೊಟ್ಟು ಬನ್ನಿ, ಕಟಾವಿನ ಹೊತ್ತಿಗೆ ಸಿಗಬಹುದು. ಜುನ್ನರ್ ಕಡೆಯ ಕಬ್ಬಿನಲ್ಲಿ ಚಿರತೆಗಳು ಮರಿ ಹಾಕುತ್ತವೆ. ಅಲ್ಲಿ ಬಿದ್ದದ್ದಕ್ಕೆ ಹೊಸ ಕಿಟ್ ಕೊಳ್ಳಿ.